ಬರ್ಲಿನ್‌ನ ಹಂಬುರ್ಗರ್ ಬಾನ್‌ಹೋಫ್: ಮತ್ತೆ ಮತ್ತೆ ಹೋದ ಮ್ಯೂಸಿಯಂ

ಚಿತ್ರಕಲಾವಿದೆಯಾಗಿ ಬರ್ಲಿನ್‌ನಲ್ಲಿ ಮೂರು ತಿಂಗಳು ತಂಗಿದ್ದಾಗ ನಾನು ಅತಿ ಹೆಚ್ಚು ಸಲ ಹೋದದ್ದು ಹಂಬುರ್ಗರ್ ಬಾನ್‌ಹೋಫ್‌ಗೆ. 19ನೆಯ ಶತಮಾನದ ಈ ರೈಲು ನಿಲ್ದಾಣವು 1996ರಲ್ಲಿ ಸಮಕಾಲೀನ ಕಲೆಯ ಮ್ಯೂಸಿಯಂ ಆಗಿ ತೆರೆಯಿತು. ಉಕ್ಕಿನ ಕಮಾನುಗಳ ನಡುಹಜಾರದಲ್ಲಿ ಎಷ್ಟು ದೊಡ್ಡ ಪ್ರತಿಷ್ಠಾಪನಾ ಕಲಾಕೃತಿಯೂ (ಇನ್‌ಸ್ಟಾಲೇಷನ್) ಇಕ್ಕಟ್ಟೆನಿಸುವುದಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಜರ್ಮನ್ ಕಲಾವಿದ ಯೋಸೆಫ್ ಬಾಯ್ಸ್ ಅವರ ಬಸಾಲ್ಟ್ (ಲಾವಾದಿಂದಾದ ಗಟ್ಟಿ ಶಿಲೆ) ಕಲ್ಲುಗಳು: ಒಂದೊಂದು ಕಲ್ಲಿನಿಂದಲೂ ಶಂಕುವಿನಾಕಾರದ ತುಂಡನ್ನು ಕೊರೆದು ತೆಗೆದು, ಜೇಡಿಮಣ್ಣು ಮತ್ತು ಫೆಲ್ಟ್ ಬಟ್ಟೆಯೊಡನೆ (ಒತ್ತಿ ಮಾಡಿದ ಉಣ್ಣೆಯ ದಪ್ಪ ಬಟ್ಟೆ) ಅದೇ ಕುಳಿಯಲ್ಲಿ ಮರಳಿ ಕೂರಿಸಲಾಗಿದೆ. ಗಾಯಕ್ಕೆ ಪಟ್ಟಿ ಕಟ್ಟಿದಂತಿರುವ ಆ ಅಂಚನ್ನು ಕಾಣಬೇಕಾದರೆ ಬಗ್ಗಿಯೇ ನೋಡಬೇಕು. ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ನೋಡಿ ಮುಗಿಸಬೇಕೆನ್ನುವವರಿಗೆ ಈ ಜಾಗ ರುಚಿಸದು. ವಿಡಿಯೊ ಕೃತಿಗಳ ಮುಂದೆ ಸುಮ್ಮನೆ ಕೂರುವ ವ್ಯವಧಾನವಂತೂ ನನಗೇ ಮೂರನೆಯ ಭೇಟಿಯವರೆಗೆ ಬಂದಿರಲಿಲ್ಲ.