ಫಾಲೋ ದೋಷವಿರುವ ಮಗುವಿಗೆ ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್: ಮೂರು ತಿಂಗಳ ಬಳಕೆಯ ನಂತರ

ನಮ್ಮ ಎಂಟು ತಿಂಗಳ ಮಗಳಿಗೆ ಹುಟ್ಟಿನಿಂದಲೇ ‘ಟೆಟ್ರಾಲಜಿ ಆಫ್ ಫಾಲೋ’ ಎಂಬ ಹೃದಯದೋಷವಿದೆ. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದ್ದು, ಶ್ವಾಸಕೋಶಕ್ಕೆ ರಕ್ತ ಸಾಗುವ ದಾರಿಯೂ ಕಿರಿದಾಗಿರುವುದರಿಂದ, ಶುದ್ಧವಾಗದ ರಕ್ತದ ಒಂದು ಪಾಲು ನೇರವಾಗಿ ಮೈಗೆ ಸೇರುತ್ತದೆ. ಅತ್ತಾಗ ಅವಳ ತುಟಿ, ಉಗುರು ನೀಲಿಗಟ್ಟುವುದು ಇದೇ ಕಾರಣಕ್ಕೆ. ಶಸ್ತ್ರಚಿಕಿತ್ಸೆಯವರೆಗೆ ಪಲ್ಸ್ ಆಕ್ಸಿಮೀಟರಿನಲ್ಲಿ ರಕ್ತದ ಆಮ್ಲಜನಕದ ಮಟ್ಟ ನೋಡುತ್ತಿರಬೇಕೆಂದು ವೈದ್ಯರು ಹೇಳಿದ್ದರು.

ಮೊದಲು ಬಳಸಿದ್ದು ಕೋವಿಡ್ ಕಾಲದಲ್ಲಿ ಕೊಂಡಿದ್ದ, ದೊಡ್ಡವರ ಬೆರಳಿಗೆ ಹಾಕುವ ಕ್ಲಿಪ್. ಮಗುವಿನ ಬೆರಳು ಅದರೊಳಗೆ ನಿಲ್ಲುತ್ತಲೇ ಇರಲಿಲ್ಲ. ಒಂದೇ ನಿಮಿಷದಲ್ಲಿ ಆಮ್ಲಜನಕದ ಮಟ್ಟವನ್ನು ಶೇಕಡಾ 91, 68, 84 ಎಂದು ತೋರಿಸಿದಾಗ ಜೀವ ಬಾಯಿಗೆ ಬಂದಿತ್ತು. ಹಾಲುಗೂಸಿಗೆ ಅದನ್ನು ಖಂಡಿತ ಬಳಸಬೇಡಿ.

ಈಗಿರುವುದು ತಂತಿಯ ತುದಿಗೆ ಮೆತ್ತನೆಯ ಪಟ್ಟಿಯಿರುವ ಮಾದರಿ. ಬೆಲೆ ಕ್ಲಿಪ್ಪಿಗಿಂತ ಹಲವು ಪಟ್ಟು ಹೆಚ್ಚು, ಆದರೂ ಕೊಟ್ಟ ಹಣ ಸಾರ್ಥಕ. ಪಟ್ಟಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತುವಾಗ ಕೆಂಪು ಬೆಳಕೂ ಅದನ್ನು ಗ್ರಹಿಸುವ ಭಾಗವೂ ಎದುರುಬದುರಾಗಿ ಕೂರಬೇಕು. ಪಾದ ತಣ್ಣಗಿದ್ದರೆ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಸುತ್ತಿದ ಮೇಲೆ ಕಾಲುಚೀಲ ಹಾಕುತ್ತೇನೆ. ಹೊರಗಿನ ಬೆಳಕು ತಾಕುವುದಿಲ್ಲ, ಅವಳು ಕಿತ್ತುಹಾಕುವುದೂ ಇಲ್ಲ.

ಅಂಕಿಗಿಂತ ಮೊದಲು ನೋಡಬೇಕಾದದ್ದು ಪರದೆಯ ಮೇಲೆ ನಾಡಿಮಿಡಿತ ತೋರಿಸುವ ಅಲೆಯನ್ನು. ಬೆರಳಿನ ಮೂಲಕ ಹಾಯುವ ಬೆಳಕಿನಲ್ಲಿ ನಾಡಿಯೊಂದಿಗೆ ಮಿಡಿಯುವ ಪಾಲನ್ನಷ್ಟೇ ಬೇರ್ಪಡಿಸಿ ಅಳೆಯುವ ಈ ಉಪಾಯವನ್ನು 1970ರ ದಶಕದಲ್ಲಿ ಜಪಾನಿನ ಇಂಜಿನಿಯರ್ ತಕುವೊ ಅಯೊಯಾಗಿ ರೂಪಿಸಿದರು. ಹಾಗಾಗಿ ಮಗು ಕಾಲು ಒದ್ದು ಅಲೆ ಚೆಲ್ಲಾಪಿಲ್ಲಿಯಾದಾಗ ಕಾಣುವ ಅಂಕಿಗೆ ಬೆಲೆಯಿಲ್ಲ. ಅಲೆ ಸಮನಾಗುವವರೆಗೆ ಕಾದು ಬರೆದುಕೊಳ್ಳುತ್ತೇನೆ. ಮಟ್ಟ 80ಕ್ಕಿಂತ ಕೆಳಗಿಳಿದಾಗ ನಿಖರತೆ ಕಡಿಮೆಯಾಗುತ್ತದೆ, ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ನಮ್ಮಂಥ ಮಕ್ಕಳ ತಂದೆತಾಯಿ ಇದನ್ನು ತಿಳಿದಿರಲೇಬೇಕು.

ಮಟ್ಟ 90ಕ್ಕಿಂತ ಇಳಿದರೆ ಎಚ್ಚರಿಕೆಯ ಸದ್ದು ಮಾಡುವಂತೆ ಯಂತ್ರವನ್ನು ಕೊಂಡಾಗಲೇ ಹೊಂದಿಸಲಾಗಿತ್ತು. ನಮ್ಮ ಮಗಳ ಮಾಮೂಲಿ ಮಟ್ಟವೇ ಅದಕ್ಕಿಂತ ಕಡಿಮೆಯಿರುವುದರಿಂದ ಮೊದಲ ರಾತ್ರಿಯಿಡೀ ಅದು ಕೂಗಿಕೊಂಡಿತು. ವೈದ್ಯರನ್ನು ಕೇಳಿ ಅವಳಿಗೆ ತಕ್ಕ ಮಿತಿಯನ್ನು ಹಾಕಿಸಿಕೊಂಡೆವು.

ಕಳೆದ ತಿಂಗಳು ಸ್ನಾನ ಮುಗಿಸಿ ಬಟ್ಟೆ ಹಾಕುವಾಗ ಅತ್ತೂ ಅತ್ತೂ ಅವಳ ಮುಖ ಕಪ್ಪಿಟ್ಟಿತು, ಉಸಿರಾಟ ಜೋರಾಯಿತು. ಆಗ ಯಂತ್ರ ಹುಡುಕುತ್ತಾ ಕೂರಲಿಲ್ಲ. ವೈದ್ಯರು ಕಲಿಸಿದ್ದಂತೆ ಎರಡೂ ಮೊಣಕಾಲುಗಳನ್ನು ಮಡಿಸಿ ಎದೆಗೊತ್ತಿ ಹಿಡಿದು ಆಸ್ಪತ್ರೆಗೆ ಓಡಿದೆವು. ಪಟ್ಟಿ ಸುತ್ತಿದ್ದು ಅಲ್ಲಿ, ಅವಳು ಸುಮ್ಮನಾದ ಮೇಲೆ.