ದತ್ತು ತಾಯಿಯ ಎದೆಹಾಲಿಗೆ ಬ್ರಾ ಒಳಗಿನ ಪಂಪ್: ಮಾಮ್‌ಕೋಝಿ ಎಸ್12 ಪ್ರೊ

ಮಗುವನ್ನು ದತ್ತು ತೆಗೆದುಕೊಳ್ಳುವವರು, ಬಾಡಿಗೆ ತಾಯ್ತನದ ಮೂಲಕ ಮಗು ಪಡೆಯುವವರು ಈಗ ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಬ್ರಾ ಒಳಗೆ ಇಟ್ಟುಕೊಳ್ಳುವ ಈ ಪಂಪ್ ಒಂದೇ ಇದ್ದರೆ ಹಾಲು ಬರುತ್ತದೆಯೇ? ಇದನ್ನೊಂದನ್ನೇ ನಂಬಿಕೊಳ್ಳಬೇಡಿ. ಎರಡನೆಯ ಪಂಪ್ ಆಗಿ ಮಾತ್ರ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು.

ಹೆರಿಗೆಯಾದವರಿಗೆ ಹಾಲು ಆಗಲೇ ಇರುತ್ತದೆ, ಪಂಪ್ ಅದನ್ನು ತೆಗೆದರೆ ಸಾಕು. ಇಲ್ಲಿ ಹಾಗಲ್ಲ. ತೊಟ್ಟಿಗೆ ದಿನವಿಡೀ ಹೀರುವ ಪ್ರಚೋದನೆ ಕೊಡುತ್ತಾ, ಹಾಲು ಉತ್ಪಾದಿಸುವ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್ ಏರುವಂತೆ ಮಾಡಿ, ಇಲ್ಲದ ಹಾಲನ್ನು ಹುಟ್ಟಿಸಬೇಕು. 24 ಗಂಟೆಯಲ್ಲಿ 8 ಸಲ, ಅದರಲ್ಲಿ ರಾತ್ರಿ ಒಂದು ಸಲ ಎನ್ನುವುದು ಸಾಮಾನ್ಯ ಗುರಿ. ರಾತ್ರಿ ಪ್ರೊಲ್ಯಾಕ್ಟಿನ್ ಮಟ್ಟ ಹೆಚ್ಚಿರುವುದರಿಂದ ಆ ಒಂದು ಸಲವನ್ನು ಬಿಡಬಾರದು. ಮೊದಲ ಹನಿ ಕಾಣಲು ವಾರಗಳೇ ಹಿಡಿಯಬಹುದು. ಅಷ್ಟು ದಿನ ಬರಿದೇ ಹೀರಿಸುತ್ತಿರಬೇಕು, ಬಟ್ಟಲು ಖಾಲಿಯೇ ಇರುತ್ತದೆ. ಅದು ಸೋಲಲ್ಲ, ವಿಧಾನವೇ ಹಾಗೆ.

ಎಸ್12 ಪ್ರೊ ನಿಜವಾಗಿ ಉಪಯೋಗಕ್ಕೆ ಬರುವುದು ಈ ಎಂಟರ ಲೆಕ್ಕದಲ್ಲೇ. ಆಫೀಸಿನಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ತಪ್ಪಿಹೋಗುವ ಹಗಲಿನ ಎರಡು ಮೂರು ಸಲಗಳನ್ನು ಇದು ಉಳಿಸಿಕೊಡುತ್ತದೆ. ವೈರಿಲ್ಲ, ಕೊಳವೆಯಿಲ್ಲ, ಚೂಡಿದಾರದ ದುಪಟ್ಟಾ ಹೊದ್ದರೆ ಗೊತ್ತಾಗುವುದಿಲ್ಲ. ಮೋಟರಿನ ಸದ್ದು ಮಾತ್ರ ನಿಶ್ಶಬ್ದವಾದ ಕೋಣೆಯಲ್ಲಿ ಕೇಳುತ್ತದೆ. ಬೆಳಗ್ಗೆ, ಸಂಜೆ, ರಾತ್ರಿಯ ಸಲಗಳಿಗೆ ಆಸ್ಪತ್ರೆ ದರ್ಜೆಯ ಎರಡೂ ಬದಿಯ ಪಂಪ್ ಬೇಕು. ದೊಡ್ಡ ಊರುಗಳಲ್ಲಿ ಅವು ಬಾಡಿಗೆಗೂ ಸಿಗುತ್ತವೆ.

ಒಂದೇ ಸಾಲದೇಕೆ? ಹೀರುವ ಬಲದ ಅಂಕಿಯನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ಬ್ರಾ ಒಳಗೆ ಬಟ್ಟಲು ಸ್ವಲ್ಪ ವಾಲಿದರೂ ಗಾಳಿ ನುಗ್ಗಿ ಆ ಬಲ ತೊಟ್ಟಿಗೆ ತಲುಪುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು: ಬಟ್ಟಲು ಎದೆಯನ್ನು ಮುಚ್ಚಿಬಿಡುತ್ತದೆ, ಕೈಯಿಂದ ನೀವಲು ಜಾಗವೇ ಉಳಿಯುವುದಿಲ್ಲ. ಹಾಲು ಬರಿಸುವಾಗ ನೀವುವುದು ಅರ್ಧ ಕೆಲಸ. ಅದಕ್ಕೆ ಒಂದು ದಾರಿಯಿದೆ. 5ರಿಂದ 7 ನಿಮಿಷ ಪಂಪ್ ಓಡಿಸಿ, ನಿಲ್ಲಿಸಿ, ಬಟ್ಟಲು ತೆಗೆದು ಎರಡು ನಿಮಿಷ ಎದೆಯ ಸುತ್ತ ಬೆರಳಿನಿಂದ ವೃತ್ತಾಕಾರವಾಗಿ ನೀವಿ, ಮತ್ತೆ 5ರಿಂದ 7 ನಿಮಿಷ ಓಡಿಸಿ. ಕೊನೆಗೆ ಒಂದೆರಡು ನಿಮಿಷ ಕೈಯಿಂದ ಹಿಂಡಿ.

ಮೂರು ಮೋಡ್, ಒಂಬತ್ತು ಮಟ್ಟ ಇವೆ. ಕರು ಕೆಚ್ಚಲು ಗುದ್ದಿದ ಮೇಲೆ ಹಸು ಸೊರೆ ಬಿಡುತ್ತದಲ್ಲ, ವೇಗವಾಗಿ ಮೆತ್ತಗೆ ಹೀರುವ ಮೊದಲ ಮೋಡ್ ಆ ಗುದ್ದುವ ಕೆಲಸ ಮಾಡುತ್ತದೆ. ಎರಡು ನಿಮಿಷ ಅದರಲ್ಲಿ ಇಟ್ಟು ನಂತರ ನಿಧಾನದ ಮೋಡ್‌ಗೆ ಬನ್ನಿ. ಮಟ್ಟವನ್ನು ಒಂದೊಂದಾಗಿ ಏರಿಸಿ, ನೋವು ಶುರುವಾದ ಕೂಡಲೇ ಒಂದು ಇಳಿಸಿ, ಅಲ್ಲೇ ನಿಲ್ಲಿ. ಒಂಬತ್ತಕ್ಕೆ ಏರಿಸಿದರೆ ಹಾಲು ಬೇಗ ಬರುವುದಿಲ್ಲ. ನೋವಿನಿಂದ, ಹಾಲು ಇಳಿಸುವ ಹಾರ್ಮೋನ್ ಆದ ಆಕ್ಸಿಟೋಸಿನ್ ತಡೆದು, ತೊಟ್ಟು ಬಿರಿದು, ನಾಲ್ಕು ದಿನ ಪಂಪ್ ಮಾಡಲಾಗದೆ ಕೂರಬೇಕಾಗುತ್ತದೆ.

ಬಹಳ ಜನ ಎಡವುವುದು ಫ್ಲೇಂಜ್, ಅಂದರೆ ತೊಟ್ಟು ಕೂರುವ ಕೊಳವೆಬಾಯಿಯ ಅಳತೆಯಲ್ಲಿ. ಡಬ್ಬದಲ್ಲಿ ಬರುವುದು 24 ಮಿ.ಮೀ. ಪಂಪ್ ಮಾಡುವ ಮೊದಲೇ ತೊಟ್ಟಿನ ಬುಡದ ಅಗಲವನ್ನು ಸ್ಕೇಲಿನಲ್ಲಿ ಅಳೆಯಿರಿ, ಸುತ್ತಲಿನ ಕಪ್ಪು ಭಾಗವನ್ನು ಸೇರಿಸಬೇಡಿ. ಅದಕ್ಕೆ 0ರಿಂದ 3 ಮಿ.ಮೀ. ಕೂಡಿಸಿದರೆ ನಿಮ್ಮ ಅಳತೆ. 24 ದೊಡ್ಡದಾದರೆ ಅದರೊಳಗೆ 17, 19 ಅಥವಾ 21ರ ಸಿಲಿಕಾನ್ ಇನ್ಸರ್ಟ್ (ಬಾಯಿ ಕಿರಿದಾಗಿಸುವ ತುಂಡು) ಹಾಕಬೇಕು. ಎರಡು ಬದಿಗೆ ಬೇರೆ ಬೇರೆ ಅಳತೆ ಬಂದರೆ ಆಶ್ಚರ್ಯಪಡಬೇಡಿ. ದೊಡ್ಡ ಫ್ಲೇಂಜ್‌ನಲ್ಲಿ ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಊದುತ್ತದೆ, ಪ್ರಚೋದನೆ ಬೇಕಾದಲ್ಲಿ ಬೀಳುವುದಿಲ್ಲ. ಹಾಲಿಲ್ಲದ ದಿನಗಳಲ್ಲಿ ತೇವವೂ ಇರದ ಕಾರಣ ಉಜ್ಜುವಿಕೆ ಹೆಚ್ಚು. ಫ್ಲೇಂಜ್‌ನ ಕೊಳವೆಬಾಯಿಯ ಒಳಬದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಅಂಚಿಗೆ ತಗುಲಿದರೆ ಮಾತ್ರ ಬಟ್ಟಲು ಜಾರಿ ಹಿಡಿತ ಬಿಡುತ್ತದೆ.

ಈಗ ಯಾರೂ ಹೇಳದ ಒಂದು ತೊಂದರೆ. ಹಾಲು ಬರುತ್ತಿರುವ ತಾಯಿಗೆ ವಾಲ್ವ್ ಸವೆದರೆ ಅಂದೇ ಗೊತ್ತಾಗುತ್ತದೆ, ಬಟ್ಟಲಿನಲ್ಲಿ ಹಾಲು ಕಡಿಮೆಯಾಗಿರುತ್ತದೆ. ನಿಮಗೆ ಆ ಸುಳಿವೇ ಇಲ್ಲ. ವಾಲ್ವ್ ಹರಿದು ಹೀರುವ ಬಲ ಅರ್ಧವಾದರೂ ಮೋಟರ್ ಹಾಗೇ ಗುರುಗುಡುತ್ತಿರುತ್ತದೆ, ವಾರಗಳ ಶ್ರಮ ಹಾಳಾಗುತ್ತದೆ. ಆದ್ದರಿಂದ ದಿನಕ್ಕೆ ಎಂಟು ಸಲ ಬಳಸುವವರು ಬಾತುಕೋಳಿ ಕೊಕ್ಕಿನಂಥ ಆ ಬಿಳಿ ವಾಲ್ವನ್ನು ತಿಂಗಳಿಗೊಮ್ಮೆ ಕ್ಯಾಲೆಂಡರ್ ನೋಡಿ ಬದಲಿಸಬೇಕು, ಕಡಿಮೆ ಬಳಸುವವರಿಗೆ ಎರಡು ತಿಂಗಳು ನಡೆಯುತ್ತದೆ. ವಾರಕ್ಕೊಮ್ಮೆ ಫ್ಲೇಂಜ್ ಬಾಯಿಗೆ ಅಂಗೈ ಒತ್ತಿ ಪಂಪ್ ಓಡಿಸಿ, ಗಟ್ಟಿಯಾಗಿ ಅಂಟಿಕೊಳ್ಳಬೇಕು. ಅಂಟದಿದ್ದರೆ ಮೊದಲು ಡಯಾಫ್ರಂ (ಮೋಟರಿಗೆ ತಾಗಿ ಕೂರುವ ಸಿಲಿಕಾನ್ ಪೊರೆ) ಸುತ್ತಲೂ ಸಮವಾಗಿ ಕೂತಿದೆಯೇ ನೋಡಿ, ಆಮೇಲೆ ವಾಲ್ವಿನ ಸೀಳು. ವಾಲ್ವನ್ನು ಬ್ರಷ್‌ನಿಂದ ತಿಕ್ಕಬೇಡಿ, ಸೀಳು ಅಗಲವಾಗುತ್ತದೆ. ಮೋಟರಿಗೆ ನೀರು ತಾಗಬಾರದು, ಉಳಿದ ಭಾಗಗಳಿಗೆ ಪ್ರತಿ ಸಲ ಬೆಚ್ಚನೆಯ ಸೋಪು ನೀರು.

ಬ್ರಾ ಬಿಗಿಯಾದರೆ ಅಂಚು ಒತ್ತಿ ಎದೆ ಗಂಟು ಕಟ್ಟುತ್ತದೆ, ಸಡಿಲವಾದರೆ ಗಾಳಿ ನುಗ್ಗುತ್ತದೆ. ಬಟ್ಟಲಿನ ಮೇಲೆ ಕೈಯಿಟ್ಟರೆ ಅಲುಗಬಾರದು, ತೆಗೆದಾಗ ಚರ್ಮದಲ್ಲಿ ಆಳದ ಗೆರೆ ಉಳಿಯಬಾರದು, ಅಷ್ಟೇ ಬಿಗಿ.

ಮೊದಲ ಹನಿಗಳು ಬಂದಾಗ ಈ ಪಂಪ್ ನಿರಾಸೆ ಮಾಡುತ್ತದೆ. 180 ಮಿ.ಲೀ. ಹಿಡಿಯುವ ಬಟ್ಟಲಿನಲ್ಲಿ ಒಂದೆರಡು ಮಿ.ಲೀ. ಸಿಲಿಕಾನ್‌ಗೆ ಅಂಟಿಕೊಂಡೇ ಮುಗಿಯುತ್ತದೆ. ಆ ದಿನಗಳಲ್ಲಿ ಪಂಪ್ ಪ್ರಚೋದನೆಗೆ ಮಾತ್ರ ಇರಲಿ, ಹಾಲನ್ನು ಕೈಯಿಂದ ಚಮಚಕ್ಕೆ ಹಿಂಡಿ 1 ಮಿ.ಲೀ. ಸಿರಿಂಜಿನಲ್ಲಿ ಎಳೆದುಕೊಳ್ಳಿ. ಹಾಲು ಹೆಚ್ಚಿದ ಮೇಲೆ ಬಗ್ಗಬೇಡಿ, ಮೇಲಿನ ಕಿಂಡಿಯಿಂದ ಚೆಲ್ಲುತ್ತದೆ.

ಔಷಧದ ವಿಷಯ. ಹಾಲು ಬರಿಸಲು ಗರ್ಭನಿರೋಧಕ ಮಾತ್ರೆ ಮತ್ತು ಡೊಂಪೆರಿಡೋನ್ ಸೇರಿಸಿ ಕೊಟ್ಟು, ಗರ್ಭನಿರೋಧಕ ಮಾತ್ರೆ ನಿಲ್ಲಿಸಿದ ಮೇಲೆ ಪಂಪ್ ಶುರುಮಾಡುವ ನ್ಯೂಮನ್–ಗೋಲ್ಡ್‌ಫಾರ್ಬ್ ಕ್ರಮ ಹೆಸರಾಗಿದೆ. ಡೊಂಪೆರಿಡೋನ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ವಾಂತಿಯ ಮಾತ್ರೆ ಎಂದು ಸುಲಭವಾಗಿ ಸಿಗುತ್ತದೆ, ಅದೇ ಅಪಾಯ. ಅದು ಹೃದಯದ ಬಡಿತದ ಲಯ ಕೆಡಿಸಬಲ್ಲದು. ಈಸ್ಟ್ರೊಜೆನ್ ಇರುವ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಇಸಿಜಿ ಮಾಡಿಸಿ, ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಮಗು ಮನೆಗೆ ಬಂದ ಮೇಲೆ ಯಾವ ಪಂಪಿಗಿಂತಲೂ ಮಗುವಿನ ಬಾಯಿಯೇ ಮೇಲು. ತೊಟ್ಟಿನ ಪಕ್ಕ 5 ನಂಬರಿನ ತೆಳು ಫೀಡಿಂಗ್ ಟ್ಯೂಬ್ ಅಂಟಿಸಿ, ಇನ್ನೊಂದು ತುದಿಯನ್ನು ಹಾಲಿನ ಬಟ್ಟಲಲ್ಲಿಟ್ಟರೆ ಮಗು ಎದೆ ಚೀಪುತ್ತಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಬಾಟಲಿಯ ಬದಲು ಒಳಲೆ ಬಳಸಿದರೆ ಮಗು ಎದೆಯನ್ನು ಮರೆಯುವ ಭಯವೂ ಕಡಿಮೆ. ಪೂರ್ತಿ ಹಾಲು ಎಲ್ಲರಿಗೂ ಬರುವುದಿಲ್ಲ, ಅನೇಕರಿಗೆ ಮಗುವಿಗೆ ಬೇಕಾದ ಒಂದು ಪಾಲು ಬರುತ್ತದೆ. ಆದ್ದರಿಂದ ಮೇಲುಹಾಲನ್ನು ತಾವಾಗಿ ಇಳಿಸಬೇಡಿ. ತೂಕ ನೋಡಿ, ಮೊದಲ ವಾರ ಕಳೆದ ಮಗು ದಿನಕ್ಕೆ ಕನಿಷ್ಠ ಆರು ಸಲ ಒದ್ದೆ ಮಾಡುತ್ತಿದೆಯೇ ಎಣಿಸಿ, ಮಕ್ಕಳ ವೈದ್ಯರು ಹೇಳಿದಷ್ಟೇ ಇಳಿಸುತ್ತಾ ಬನ್ನಿ.