ಜಿರಳೆ ಕೆಲಸವೋ, ಗೆದ್ದಲು ಕೆಲಸವೋ?

ಬೆಂಗಳೂರಲ್ಲಿ ಕೀಟ ನಿಯಂತ್ರಣದ ಕೆಲಸ ಶುರು ಮಾಡುವವರಿಗೆ ಯಾವುದು ಮೊದಲು? ಲೈಸೆನ್ಸ್ ಎರಡಕ್ಕೂ ಒಂದೇ. 1968ರ ಕೀಟನಾಶಕ ಕಾಯ್ದೆಯಡಿ ಕೃಷಿ ಇಲಾಖೆಯಿಂದ ಪಡೆಯಬೇಕು.

ಜಿರಳೆಗೆ ಬಂಡವಾಳ ಕಡಿಮೆ. ಜಿರಳೆ ತಿಂದು ಸಾಯುವ ಜೆಲ್ ಔಷಧಿ, ಟಾರ್ಚು, ಬೈಕು ಇದ್ದರೆ ನಡೆಯುತ್ತದೆ. ಅಡುಗೆಮನೆ ಕಪಾಟಿನ ಸಂದಿಯಲ್ಲಿ ಸಾಸಿವೆ ಕಾಳಷ್ಟು ಚುಕ್ಕೆ ಇಡುತ್ತಾ ಹೋಗೋದು. ಆದರೆ ಪೈಪೋಟಿ ಜಾಸ್ತಿ, ದರಕ್ಕೆ ಚೌಕಾಸಿ ತಪ್ಪಲ್ಲ.

ಗೆದ್ದಲಿಗೆ ಡ್ರಿಲ್ಲು, ಪಂಪು, ಇಬ್ಬರು ಮೂವರು ಆಳು ಬೇಕು. ಔಷಧಿ ಖರ್ಚೂ ದೊಡ್ಡದು. ಗೋಡೆ ಬುಡದಲ್ಲಿ ಅಡಿಗೊಂದು ತೂತು ಕೊರೆದು, ಔಷಧಿ ತುಂಬಿಸಿ, ಸಿಮೆಂಟಲ್ಲಿ ಮುಚ್ಚಬೇಕು. ಜನ ವರ್ಷಗಟ್ಟಲೆ ಗ್ಯಾರಂಟಿ ಕೇಳ್ತಾರೆ. ಉಳಿತಾಯಕ್ಕೆಂದು ನೀರು ಜಾಸ್ತಿ ಬೆರೆಸಿದರೆ ಗೆದ್ದಲು ಮತ್ತೆ ಬರುತ್ತದೆ, ಆಗ ಖರ್ಚು ನಿಮ್ಮದೇ ಅಲ್ವಾ?

ಕೈಯಲ್ಲಿ ದುಡ್ಡು ಕಮ್ಮಿಯಿದ್ದರೆ ಜಿರಳೆಯಿಂದಲೇ ಶುರು ಮಾಡಿ. ಅಪಾರ್ಟ್‌ಮೆಂಟುಗಳ ವಾರ್ಷಿಕ ಒಪ್ಪಂದ ಹಿಡಿಯಿರಿ. ಹುಡುಗರಿಗೆ ಕೈಗವಸು, ಮಾಸ್ಕ್ ಮೊದಲ ದಿನವೇ ಕೊಡಿಸಿ.